ಹಳೇ ಆಯಿಲ್ ಚೆಲ್ಲುವ ಮೊದಲು ಒಂದು ಸಲ ನೋಡಿ

ಹನ್ನೊಂದು ವರ್ಷ ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡಿದವನು ನಾನು. ಊರು ಯಾದಗಿರಿ ಹತ್ತಿರ, ಭೀಮಾ ದಂಡೆ. ಜೂನ್ 1ರಿಂದ ಜುಲೈ 31ರವರೆಗೆ ಕಡಲಲ್ಲಿ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಬೋಟ್ ಕಟ್ಟಿಹಾಕಿ, ಎಂಜಿನ್ ಆಯಿಲ್ ಬದಲಿಸಿಟ್ಟು, ತೊಗರಿ ಬಿತ್ತನೆಗೆ ಊರಿಗೆ ಬರುತ್ತಿದ್ದೆ. ಈಗ ಊರಲ್ಲೇ ಇದ್ದೇನೆ. ಹೊಳೆಯಿಂದ ನೀರೆತ್ತಲು ಐದು ಎಚ್‌ಪಿ ಡೀಸೆಲ್ ಎಂಜಿನ್ ಇದೆ. ಬೋಟಿನಲ್ಲಿ ಕಲಿತ ಕೆಲಸವೇ ಇದಕ್ಕೂ ನಡೆಯುತ್ತದೆ.

ಮೊದಲು ಲೆಕ್ಕದ ಮಾತು. ನಮ್ಮ ಕಾಕಾನಿಗೆ ಆಯಿಲ್ ಬದಲಿಸು ಅಂದರೆ, "ಹೋದ ಉಗಾದಿಗೆ ಹಾಕೀನಲ್ಲೋ ತಮ್ಮಾ, ಈಗೇನು ಗಡಿಬಿಡಿ?" ಅಂತಾನೆ. ಎಂಜಿನ್‌ಗೆ ಉಗಾದಿ ಗೊತ್ತಿಲ್ಲ, ಓಡಿದ ತಾಸು ಮಾತ್ರ ಗೊತ್ತು. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ 250 ತಾಸಿಗೊಮ್ಮೆ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ದಿನಕ್ಕೆ ಹತ್ತು ತಾಸು ಓಡಿಸಿದರೆ ಬರೀ 25 ದಿನ! ನಮ್ಮಲ್ಲಿ ಧೂಳು ಜಾಸ್ತಿ, ನಾನು 200ಕ್ಕೇ ಬದಲಿಸುತ್ತೇನೆ. ಹೊಸ ಎಂಜಿನ್ ಆದರೆ ಮೊದಲ ಸಲ ಇನ್ನೂ ಬೇಗ. ಶೆಡ್ಡಿನ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ದಿನಾ ತಾಸು ಬರೆದಿಡಿ, ಸಾಕು.

ಆಯಿಲ್ ಯಾವುದು ಅಂತ ಎಂಜಿನ್ ಪುಸ್ತಕ ನೋಡಿ ತನ್ನಿ. ನಾನು ಹಾಕುವುದು ಡೀಸೆಲ್ ಎಂಜಿನ್‌ದೇ 20ಡಬ್ಲ್ಯೂ-40. ಬೈಕಿನದು ಉಳಿದಿದೆ ಅಂತ ಸುಮ್ನೆ ಸುರಿಯಬೇಡಿ.

ಹೊಳೆ ದಂಡೆಯಲ್ಲಿ ಎಂಜಿನ್ ಸಮಕ್ಕೆ ಕೂತಿರುವುದೇ ಕಡಿಮೆ. ಎರೆ ಮಣ್ಣು ಒಂದು ಮಳೆಗೆ ಉಬ್ಬಿ, ಒಣಗಿದಾಗ ಬಿರಿದು, ಅಡಿಪಾಯ ಒಂದು ಕಡೆ ವಾಲಿರುತ್ತದೆ. ಅರ್ಧ ನೀರಿರುವ ಬಾಟಲಿಯನ್ನು ಫ್ರೇಮಿನ ಮೇಲೆ ಅಡ್ಡ ಮಲಗಿಸಿ. ನೀರು ಒಂದು ಕಡೆಗೇ ಓಡಿದರೆ ಕಲ್ಲು ಕೊಟ್ಟು ಸಮ ಮಾಡಿ. ಇಲ್ಲದಿದ್ದರೆ ಹಳೇದು ಒಳಗೇ ಉಳಿಯುತ್ತದೆ, ಆಯಿಲ್ ಮಟ್ಟ ನೋಡುವ ಅಳತೆ ಕಡ್ಡಿಯೂ ಸುಳ್ಳು ಹೇಳುತ್ತದೆ.

ಈಗ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಬಿಸಿ ಆಯಿಲ್ ತೆಳ್ಳಗಾಗಿ ಕೆಸರನ್ನೂ ಹೊತ್ತುಕೊಂಡು ಇಳಿಯುತ್ತದೆ. ಕೈ ಸುಡದಷ್ಟು ಆರಲಿ. ಮೇಲೆ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ, ಕೆಳಗೆ ತಗಡಿನ ಬುಟ್ಟಿ ಇಟ್ಟು, ಆಮೇಲೆ ಆಯಿಲ್ ಇಳಿಯುವ ಕೆಳಗಿನ ಬೋಲ್ಟಿಗೆ ಪಾನಾ ಹಾಕಿ. ಕೊನೇ ಸುತ್ತು ಬೆರಳಲ್ಲಿ, ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದುಕೊಂಡೇ ಬಿಚ್ಚಿ. ಇಲ್ಲದಿದ್ದರೆ ಬೋಲ್ಟು, ತಾಮ್ರದ ವಾಷರ್ ಎರಡೂ ಬುಟ್ಟಿಗೆ ಬಿದ್ದು, ಕರೀ ಎಣ್ಣೆಯಲ್ಲಿ ಕೈಯಾಡಿಸುತ್ತಾ ಕೂರಬೇಕು.

ಬೋಟಿನಲ್ಲಿ ಈ ಬೋಲ್ಟಿನ ಸುಖವೇ ಇಲ್ಲ. ಎಂಜಿನ್ ಬೋಟಿನ ತಳದಲ್ಲಿ ಕೂತಿರುತ್ತದೆ, ಕೆಳಗೆ ಬುಟ್ಟಿ ಹೋಗಲಿ, ಕೈಯೇ ಹೋಗುವುದಿಲ್ಲ. ಅಲ್ಲಿ ಅಳತೆ ಕಡ್ಡಿಯ ತೂತಿನಲ್ಲಿ ಸಣ್ಣ ಪೈಪು ತಳ ಮುಟ್ಟುವವರೆಗೆ ಇಳಿಸಿ, ಕೈಪಂಪಿನಿಂದ ಆಯಿಲ್ ಎಳೆಯುತ್ತಾರೆ. ಗೊರಗೊರ ಸದ್ದು ಬಂತು ಅಂತ ನಿಲ್ಲಿಸಬಾರದು, ಪೈಪನ್ನು ಸ್ವಲ್ಪ ಮೇಲೆತ್ತಿ, ತಿರುಗಿಸಿ, ಮತ್ತೆ ಎಳೆಯಬೇಕು. ನಿಮ್ಮ ಎಂಜಿನ್ ಫ್ರೇಮ್ ನೆಲಕ್ಕೆ ಅಂಟಿಕೊಂಡಿದ್ದರೆ ಇದೇ ದಾರಿ. ಅಗ್ಗದ ಪ್ಲಾಸ್ಟಿಕ್ ಪೈಪು ಬೇಡ, ಬಿಸಿಗೆ ಮೆತ್ತಗಾಗಿ ಒಳಗೇ ಮಡಚಿಕೊಳ್ಳುತ್ತದೆ.

ನಮ್ಮ ತಾಂಡೇಲರು, ಅಂದರೆ ಬೋಟ್ ನಡೆಸುವ ಮುಖ್ಯಸ್ಥರು, ಹಳೇ ಆಯಿಲ್ ಚೆಲ್ಲಲು ಬಿಡುತ್ತಿರಲಿಲ್ಲ. "ಮೊದಲು ನೋಡು ಮಾರಾಯಾ" ಅಂತ ಬಕೆಟ್ಟನ್ನು ಬಿಸಿಲಿಗೆ ತರಿಸುತ್ತಿದ್ದರು. ನಮ್ಮ ಕಡೆ ಜನ ಕರ್ರಗಾಗಿದ್ದಕ್ಕೇ ಹೆದರುತ್ತಾರೆ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕಪ್ಪಾಗಲೇಬೇಕು, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹೆದರಬೇಕಾದದ್ದು ಹಾಲು ಹಾಕಿದ ಚಹಾದ ಬಣ್ಣ ಬಂದರೆ. ಹಾಗಾದರೆ ನೀರು ಸೇರಿದೆ. ಬೋಟಿನಲ್ಲಿ ಆಯಿಲ್ ಕೂಲರ್ ತೂತಾಗಿ ಉಪ್ಪುನೀರು ಸೇರುವುದುಂಟು. ಇಲ್ಲಿ ಪಂಪಿನ ನೀರನ್ನೇ ಎಂಜಿನ್ ತಂಪು ಮಾಡಲು ಬಿಟ್ಟಿರುತ್ತೇವೆ, ಎಂಜಿನ್ ತಲೆಯ ಕೆಳಗಿನ ಪ್ಯಾಕಿಂಗ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋದರೆ ಭೀಮಾ ನೀರು ಒಳಗೆ. ಬದಲಿಸುವ ಮೊದಲೇ ಕಡ್ಡಿಯಲ್ಲಿ ಮಟ್ಟ ಏರಿದ್ದರೆ, ಮೂಸಿ ನೋಡಿ. ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಎರಡು ಬೆರಳಲ್ಲಿ ಉಜ್ಜಿದಾಗ ಮರಳಿನಂತೆ ಹತ್ತಿದರೆ, ಬಿಸಿಲಿಗೆ ಮಿಣಮಿಣ ಅಂದರೆ, ಬೇರಿಂಗ್ ಸವೆಯುತ್ತಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಹೊಸ ಆಯಿಲ್ ಸುರಿದು ದುಡ್ಡು ಹಾಳುಮಾಡಬೇಡಿ, ಮೊದಲು ಮಿಸ್ತ್ರಿಯನ್ನು ಕರೆಸಿ. ನೋಡಿದ ಮೇಲೆ ಕೈಗೆ ಸಾಬೂನು ಹಚ್ಚಿ ತೊಳೆಯಿರಿ, ಹಳೇ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಇನ್ನು ಫಿಲ್ಟರ್. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಮಲ್ಪೆಯ ಮೊದಲ ವರ್ಷ, ಡಬ್ಬಿಯಂಥ ಫಿಲ್ಟರ್ ತಿರುಗಿಸಿ ತೆಗೆದೆ, ಹೊಸದು ಹಾಕಿದೆ. ಹಳೇದರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿತ್ತು, ನೋಡಲಿಲ್ಲ. ಒಂದರ ಮೇಲೊಂದು ಎರಡು ರಿಂಗ್. ಸ್ಟಾರ್ಟ್ ಮಾಡಿದ ಅರೆ ನಿಮಿಷಕ್ಕೆ ಆಯಿಲ್ ಪಿಚಕಾರಿಯಂತೆ ಹಾರಿ ಬೋಟಿನ ತಳವೆಲ್ಲ ಕರೀ ಕೆರೆ. ಅವತ್ತು ಊಟಕ್ಕೆ ಯಾರೂ ನನ್ನ ಪಕ್ಕ ಕೂರಲಿಲ್ಲ. ಅದಕ್ಕೇ ಕೂರುವ ಜಾಗವನ್ನು ಅರಿವೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಹೊಸ ರಿಂಗಿಗೆ ಆಯಿಲ್ ಸವರಿ. ರಿಂಗ್ ಮುಟ್ಟಿದ ಮೇಲೆ ಮುಕ್ಕಾಲು ಸುತ್ತು, ಕೈಯಲ್ಲೇ. ಬಟ್ಟಲಿನೊಳಗೆ ಕಾಗದದ ಫಿಲ್ಟರ್ ಇರುವ ಎಂಜಿನ್ ಆದರೆ ಬಟ್ಟಲನ್ನೂ ಡೀಸೆಲ್‌ನಲ್ಲಿ ತೊಳೆದು ಒರೆಸಿ.

ಬೋಲ್ಟಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಆಯಿಲ್ ಅಳತೆಗಿಂತ ಸ್ವಲ್ಪ ಕಡಿಮೆಯೇ ಹಾಕಿ, ನಿಂತು, ಕಡ್ಡಿ ನೋಡಿ, ಮತ್ತೆ ಹಾಕಿ. ಮೇಲಿನ ಗೆರೆ ದಾಟಬಾರದು. ದಾಟಿದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ. ಎಂಜಿನ್ ಹಗುರಾಗಿ ತಿರುಗಲಿ ಅಂತ ಇರುವ ಡೀಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್‌ನಿಂದ ಇಪ್ಪತ್ತು ಸುತ್ತು ತಿರುವಿ, ಬೇರಿಂಗಿಗೆ ಆಯಿಲ್ ಮುಟ್ಟಲಿ. ಆಮೇಲೆ ಸ್ಟಾರ್ಟ್. ಐದು ನಿಮಿಷ ಓಡಿಸಿ, ಸೋರಿಕೆ ನೋಡಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಡ್ಡಿ ನೋಡಿ. ಏರ್ ಕ್ಲೀನರ್‌ನ ಬಟ್ಟಲಲ್ಲೂ ಆಯಿಲ್ ಇದ್ದರೆ ಅದನ್ನೂ ಬದಲಿಸಿ. ನಮ್ಮ ಧೂಳಿಗೆ ಅದು ಹದಿನೈದೇ ದಿನಕ್ಕೆ ಗಸಿಯಾಗಿರುತ್ತದೆ.

ಹಳೇ ಆಯಿಲ್ ಹೊಳೆಗೆ ಬೇಡ, ಬದುವಿಗೂ ಬೇಡ. ಅದೇ ನೀರನ್ನು ಎಮ್ಮೆ ಕುಡಿಯುತ್ತದೆ. ನಾನು ಹೊಸ ಆಯಿಲಿನ ಖಾಲಿ ಕ್ಯಾನಿಗೇ ತುಂಬಿ, ಯಾದಗಿರಿಗೆ ಸಂತೆಗೆ ಹೋದಾಗ ಗ್ಯಾರೇಜಿನ ಡ್ರಮ್ಮಿಗೆ ಸುರಿದು ಬರುತ್ತೇನೆ. ಹೋದ ತಿಂಗಳು ಕಾಕಾನೂ ತನ್ನ ಕ್ಯಾನ್ ಕೊಟ್ಟು ಕಳಿಸಿದ. ಬಗ್ಗಿಸಿ ನೋಡಿದೆ, ಚಹಾ ಬಣ್ಣ.