ಸೊನ್ನೆ ಹುಡುಕಾಟದ ಪುಟಗಳಿಂದಲೇ ನಮ್ಮ ಅಂಗಡಿಗೆ ಫೋನ್ ಬರುತ್ತಿದೆ

‘ಕನ್ನಡದಲ್ಲಿ ಯಾರು ಹುಡುಕ್ತಾರೆ ಸಾರ್?’ ಹಾಸನದಲ್ಲಿ ವೆಬ್‌ಸೈಟ್ ಮಾಡಿಕೊಡುವ ಇಬ್ಬರು ನನಗೆ ಹೇಳಿದ ಮಾತು ಇದು. ನನ್ನ ಭಾವಮೈದನೂ ಇದನ್ನೇ ಹೇಳಿದ. ಗೂಗಲ್‌ನಲ್ಲಿ ಯಾವ ಮಾತನ್ನು ಎಷ್ಟು ಜನ ಹುಡುಕುತ್ತಾರೆ ಅಂತ ಹೇಳುವ ಕೀವರ್ಡ್ ಟೂಲ್ ತೆಗೆದು ತೋರಿಸಿಯೂ ಬಿಟ್ಟ. ‘ವೀಡ್ ಕಟರ್ ಸ್ಟಾರ್ಟ್ ಆಗುತ್ತಿಲ್ಲ’ ಅಂತ ಹಾಕಿದರೆ ತಿಂಗಳಿಗೆ ಸೊನ್ನೆ ಹುಡುಕಾಟ. ಅದೇ ಮಾತಿನ ಮೇಲೆ ನಮ್ಮ ವೆಬ್‌ಸೈಟ್‌ನಲ್ಲಿ ಬರೆದ ಆ ಸೊನ್ನೆಯ ಪುಟಕ್ಕೆ ಈಗ ಸೀಸನ್‌ನಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಜನ ಬರುತ್ತಾರೆ. ಅವರಲ್ಲಿ ಇಬ್ಬರು ಮೂವರು ಫೋನ್ ಮಾಡುತ್ತಾರೆ. ಭಾವಮೈದ ಈಗ ಆ ವಿಷಯ ಎತ್ತುವುದಿಲ್ಲ.

ನಮ್ಮದು ಸಕಲೇಶಪುರದಲ್ಲಿ ತೋಟದ ಯಂತ್ರಗಳ ಅಂಗಡಿ. ಕಳೆ ಕತ್ತರಿಸುವ ವೀಡ್ ಕಟರ್, ಸ್ಪ್ರೇಯರ್, ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇಡುತ್ತೇವೆ. ಹೊಸ ಮೆಷಿನ್ ಮಾರುವುದಕ್ಕಿಂತ ರಿಪೇರಿ ಮತ್ತು ಸ್ಪೇರ್ ಪಾರ್ಟ್ಸ್ ವ್ಯಾಪಾರವೇ ಜಾಸ್ತಿ. ವೆಬ್‌ಸೈಟ್ ಮಾಡಿಸಿ ಏಳೆಂಟು ವರ್ಷ ಆಗಿರಬೇಕು. ಅದರಿಂದ ದುಡ್ಡು ಬರಲು ಶುರುವಾಗಿದ್ದು ಮಾತ್ರ ಈಚೆಗೆ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ಕಳೆದ ದುಡ್ಡಿನ ಲೆಕ್ಕ. ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅನ್ನುವ ಒಂದು ಏಜೆನ್ಸಿಗೆ ತಿಂಗಳಿಗೆ 15 ಸಾವಿರದಂತೆ ಮುಕ್ಕಾಲು ವರ್ಷ ಕೊಟ್ಟೆ. ಜಿಎಸ್‌ಟಿ ಸೇರಿ ಒಂದೂವರೆ ಲಕ್ಷದ ಮೇಲೆ ಹೋಯಿತು. ಅವರು ಮಾಡಿದ್ದೇನು? ಒಂದೇ ಪುಟವನ್ನು ಊರಿನ ಹೆಸರು ಬದಲಿಸಿ ಬದಲಿಸಿ ಹಾಕಿದರು. ಆಲೂರಿನಲ್ಲಿ ಬೆಸ್ಟ್ ವೀಡ್ ಕಟರ್ ಡೀಲರ್, ಬೇಲೂರಿನಲ್ಲಿ ಬೆಸ್ಟ್ ವೀಡ್ ಕಟರ್ ಡೀಲರ್, ಅರೇಹಳ್ಳಿ, ಬಿಕ್ಕೋಡು, ಮೂಡಿಗೆರೆ, ಶನಿವಾರಸಂತೆ, ಹೀಗೆ ನಾನೂರು ಪುಟ ಇತ್ತೇನೋ. ಅದರಲ್ಲಿ ಮಂಡ್ಯದ ಕಡೆಯ ಹಳ್ಳಿಗಳೂ ಇದ್ದವು. ಅಲ್ಲಿ ಕಾಫಿ ಪಲ್ಪರ್ ಯಾರಿಗೆ ಬೇಕು, ಅಲ್ವಾ? ಪುಟದ ಕೋಡ್‌ನಲ್ಲಿ ಓದುಗರಿಗೆ ಕಾಣದಂತೆ ಇರುವ ಕೀವರ್ಡ್ಸ್ ಟ್ಯಾಗ್‌ನಲ್ಲಿ ಐವತ್ತು ಪದ ತುರುಕಿದ್ದರು. ರ‍್ಯಾಂಕಿಂಗ್‌ಗೆ ಆ ಟ್ಯಾಗ್ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿ ಮುಗಿಸಿದೆ. ಜೊತೆಗೆ ಹೆಸರೇ ಕೇಳದ ಡೈರೆಕ್ಟರಿ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಮುನ್ನೂರು ಲಿಂಕ್.

ತಿಂಗಳ ರಿಪೋರ್ಟ್ ಮಾತ್ರ ಚೆಂದ ಇರುತ್ತಿತ್ತು. ಎಲ್ಲಾ ಕಡೆ ಹಸಿರು ಬಾಣ. ‘ಮೊದಲ ಸ್ಥಾನದಲ್ಲಿದ್ದೀರಿ’ ಅಂತ ಬರೆದಿದ್ದರು. ಯಾವ ಹುಡುಕಾಟಕ್ಕೆ ಅಂತ ನೋಡಿದರೆ ನಮ್ಮ ಅಂಗಡಿಯ ಹೆಸರಿಗೇ! ನಮ್ಮ ಹೆಸರು ಹಾಕಿದರೆ ನಾವಲ್ಲದೆ ಇನ್ಯಾರು ಬರಬೇಕು?

2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರವನ್ನೇ ಬದಲಿಸುವ ಕೋರ್ ಅಪ್‌ಡೇಟ್ ಬಿಟ್ಟಿತಲ್ಲ, ಅದರ ಜೊತೆಗೆ ರಾಶಿ ರಾಶಿ ಪುಟ ಹುಟ್ಟಿಸುವವರ ಮೇಲೆ ಹೊಸ ಸ್ಪ್ಯಾಮ್ ನಿಯಮವನ್ನೂ ತಂದಿತು. ಅದಾದ ಮೇಲೆ ನಮ್ಮ ಗ್ರಾಫ್ ನೆಲ ಕಚ್ಚಿತು. ದಿನಕ್ಕೆ ಮೂರೋ ನಾಲ್ಕೋ ಕ್ಲಿಕ್. ಏಜೆನ್ಸಿಯವರು ‘ಇನ್ನೂ ಆರು ತಿಂಗಳು ಕಾಯಿರಿ’ ಅಂದರು. ನಾನು ಕಾಯಲಿಲ್ಲ. ಆ ನಾನೂರು ಪುಟಗಳನ್ನೂ ಅಳಿಸಿ, ‘ಈ ಪುಟ ಇನ್ನಿಲ್ಲ’ ಅಂತ ಗೂಗಲ್‌ಗೆ ತಿಳಿಸುವ 410 ಸೂಚನೆ ಕೊಟ್ಟೆ. ಹೋಮ್ ಪೇಜ್‌ಗೆ ರೀಡೈರೆಕ್ಟ್ ಮಾಡಿ ಅಂತ ಕೆಲವರು ಹೇಳಿದರು. ಸಂಬಂಧವೇ ಇಲ್ಲದ ಪುಟಗಳನ್ನು ಹೋಮ್ ಪೇಜ್‌ಗೆ ತಿರುಗಿಸಿದರೆ ಗೂಗಲ್ ಅದನ್ನು ಸಾಫ್ಟ್ 404 (ಇಲ್ಲದ ಪುಟ) ಅಂತಲೇ ಎಣಿಸುತ್ತದೆ, ಲಾಭ ಏನೂ ಇಲ್ಲ. ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಹೇಳುವ ಡಿಸಅವೋ ಟೂಲ್ ಗೋಜಿಗೂ ಹೋಗಲಿಲ್ಲ. ಗೂಗಲ್‌ನವರು ಖುದ್ದಾಗಿ ನೋಡಿ ಹಾಕುವ ಶಿಕ್ಷೆಯಾದ ಮ್ಯಾನ್ಯುಯಲ್ ಆ್ಯಕ್ಷನ್ ಬಂದಿರಲಿಲ್ಲ, ಹಾಗಾಗಿ ಆ ಕಸದ ಲಿಂಕ್‌ಗಳನ್ನು ಇದ್ದಲ್ಲೇ ಬಿಟ್ಟೆ.

ನಡುವೆ ಒಂದು ಮೇ ತಿಂಗಳು ಗೂಗಲ್ ಆ್ಯಡ್ಸ್‌ಗೆ ಮೂವತ್ತು ಸಾವಿರ ಸುರಿದೆ. ಫೋನ್ ಬಂದವು, ನಿಜ. ಆದರೆ ಅರ್ಧ ಜನ ಬೆಂಗಳೂರಿನಲ್ಲಿ ಮನೆ ಮುಂದಿನ ಲಾನ್ ಕತ್ತರಿಸಲು ಮೆಷಿನ್ ಕೇಳುವವರು. ಇನ್ನು ಕೆಲವರು ಕೆಲಸ ಇದೆಯಾ ಅಂತ ಕೇಳುವವರು. ನಿಲ್ಲಿಸಿದೆ.

ಇನ್ನು ನಾನು ಮಾಡಿದ್ದು. ಕೌಂಟರ್ ಮೇಲೆ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಗಿರಾಕಿ ಬಂದು ಮೊದಲು ಏನು ಹೇಳುತ್ತಾನೋ ಅದನ್ನು ಹಾಗೇ ಬರೆಯಬೇಕು, ತಿದ್ದಬಾರದು ಅಂತ ಹುಡುಗರಿಗೆ ಹೇಳಿದೆ. ಮೆಕ್ಯಾನಿಕ್ ನಕ್ಕ. ‘ಕಾರ್ಬ್ಯುರೇಟರ್ ಜಾಮ್ ಅಂತ ಒಂದೇ ಮಾತಲ್ಲಿ ಬರೀಬಹುದಲ್ಲ ಅಣ್ಣ’ ಅಂದ. ಬರೆಯಬಹುದು. ಆದರೆ ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್‌ಗೆ ಕಾರ್ಬ್ಯುರೇಟರ್ ಜಾಮ್ ಆಗಿದೆ ಅಂತ ಗೊತ್ತಿದ್ದರೆ ಅವರು ಗೂಗಲ್‌ನಲ್ಲಿ ಹುಡುಕುವುದೇ ಇಲ್ಲ. ಅವರು ಹೇಳುವುದು ಹೀಗೆ: ‘ಸ್ಟಾರ್ಟ್ ಆಗ್ತದೆ, ರೇಸ್ ಕೊಟ್ರೆ ಆಫ್ ಆಗ್ತದೆ.’ ‘ಹಗ್ಗ ಎಳೆದ್ರೆ ವಾಪಸ್ ಹೋಗಲ್ಲ.’ ‘ಪಲ್ಪರ್‌ನಲ್ಲಿ ಬೀಜ ಕಟ್ ಆಗ್ತಾ ಇದೆ.’ ‘ಸ್ಪ್ರೇಯರ್ ಪ್ರೆಷರ್ ಬರ್ತಾ ಇಲ್ಲ.’ ಫೋನ್‌ಗೂ ಅವರು ಇದನ್ನೇ ಹೇಳುತ್ತಾರೆ. ಮೈಕ್ ಒತ್ತಿ ಕನ್ನಡದಲ್ಲೇ ಕೇಳುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ.

ಒಂದು ದೂರಿಗೆ ಒಂದು ಪುಟ. ಇಷ್ಟೇ ನನ್ನ ವಿಧಾನ. ತಲೆಬರಹದಲ್ಲಿ ಗಿರಾಕಿಯ ಮಾತು. ಮೊದಲ ಎರಡು ಸಾಲಿನಲ್ಲೇ ಉತ್ತರ. ಆಮೇಲೆ ನಮ್ಮ ವರ್ಕ್‌ಶಾಪ್‌ನಲ್ಲೇ ತೆಗೆದ ಫೋಟೊ, ಎಣ್ಣೆ ಹತ್ತಿದ ಕೈ ಸಮೇತ. ಆಮೇಲೆ ಪಾರ್ಟ್‌ನ ಬೆಲೆ, ಯಾವ ತಿಂಗಳ ಬೆಲೆ ಅನ್ನುವುದರ ಜೊತೆಗೆ. ಮನೆಯಲ್ಲೇ ಮಾಡಬಹುದಾದ ಕೆಲಸ ಯಾವುದು, ಅಂಗಡಿಗೆ ತರಲೇಬೇಕಾದ್ದು ಯಾವುದು. ಕೊನೆಗೆ ಒತ್ತಿದರೆ ಕರೆ ಹೋಗುವ ನಂಬರ್.

ರೇಸ್ ಕೊಟ್ಟರೆ ಆಫ್ ಆಗುವ ಪುಟವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಟ್ಯಾಂಕ್‌ನಲ್ಲೇ ಪೆಟ್ರೋಲ್ ಬಿಟ್ಟಿದ್ದರೆ ಕಾರ್ಬ್ಯುರೇಟರ್ ಒಳಗೆ ಅಂಟು ಕಟ್ಟುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇದೆ, ಅದು ತೇವ ಎಳೆದುಕೊಳ್ಳುತ್ತದೆ, ತೊಂದರೆ ಇನ್ನೂ ಜಾಸ್ತಿ. ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಟ್ಯಾಂಕ್ ಒಳಗಿನ ಫ್ಯೂಯೆಲ್ ಫಿಲ್ಟರ್, ಅದಾದ ಮೇಲೆ ಕಾರ್ಬ್ಯುರೇಟರ್‌ಗೆ ಕೈ ಹಾಕಿ ಅಂತ ಬರೆದಿದ್ದೇನೆ. ‘ಎಲ್ಲಾ ಹೇಳಿಕೊಟ್ಟರೆ ಅಂಗಡಿಗೆ ಯಾರು ಬರ್ತಾರೆ’ ಅಂತ ಮನೆಯಲ್ಲಿ ಕೇಳಿದರು. ಫಿಲ್ಟರ್ ಬೇಕಲ್ಲ, ಅದಕ್ಕೆ ಬರುತ್ತಾರೆ. ಹಾಸನ ಜಿಲ್ಲೆ ಬಿಟ್ಟು ಕೊಡಗು, ಕೊಪ್ಪ, ಬಾಳೆಹೊನ್ನೂರಿಗೂ ಕೆಎಸ್‌ಆರ್‌ಟಿಸಿ ಬಸ್‌ನಲ್ಲಿ ಪಾರ್ಸೆಲ್ ಹೋಗುತ್ತಿದೆ. ಹೋದ ಸೀಸನ್ ಬರೀ ಫೋನ್ ಮೇಲೆ ಮಾರಿದ ಸ್ಪೇರ್ಸ್ ನಾಲ್ಕು ಲಕ್ಷದ ಹತ್ತಿರ ಇರಬೇಕು.

ಒಂದು ಮುಖ್ಯ ವಿಷಯ ಸಮಯ. ಹೊಸ ಪುಟ ಹಾಕಿದ ದಿನವೇ ಗೂಗಲ್ ಮೇಲೆ ತರುವುದಿಲ್ಲ. ನಮ್ಮಂಥ ಚಿಕ್ಕ ಸೈಟ್‌ಗೆ ಒಂದೂವರೆ ಎರಡು ತಿಂಗಳು ಬೇಕಾಯಿತು. ಹಾಗಾಗಿ ತೋಟದ ಕ್ಯಾಲೆಂಡರ್‌ಗಿಂತ ಎರಡು ತಿಂಗಳು ಮುಂದೆ ಇರಬೇಕು. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರು ಅಂದರೆ ಪಲ್ಪರ್ ಪುಟ ಸೆಪ್ಟೆಂಬರ್‌ಗೇ ತಯಾರಿರಬೇಕು. ರೋಬಸ್ಟಾಗೆ ಹೂ ಬರಿಸಲು ಫೆಬ್ರವರಿ ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಓಡಿಸುತ್ತಾರೆ, ಪಂಪ್‌ಸೆಟ್ ಪುಟ ಡಿಸೆಂಬರ್‌ಗೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗೆ ಮೊದಲು, ಸ್ಪ್ರೇಯರ್ ಪುಟ ಮಾರ್ಚ್‌ಗೆ. ಅದರಲ್ಲೂ ಬೋರ್ಡೋ ಹೊಡೆದ ಮೇಲೆ ಸ್ಪ್ರೇಯರ್ ತೊಳೆಯುವುದು ಹೇಗೆ ಅನ್ನುವ ಪುಟ ಚೆನ್ನಾಗಿ ಓಡುತ್ತಿದೆ. ಮೈಲುತುತ್ತ ಒಳಗೆ ನಿಂತರೆ ಕಬ್ಬಿಣದ ಭಾಗ ತಿಂದು ಹಾಕುತ್ತದೆ, ಎಲ್ಲರಿಗೂ ಆದ ಅನುಭವ. ಸೀಸನ್ ಮುಗಿದ ಮೇಲೆ ಪುಟ ಅಳಿಸುವುದಿಲ್ಲ. ಅದೇ ವಿಳಾಸದಲ್ಲಿ ಬೆಲೆ, ಫೋಟೊ ಹೊಸದು ಮಾಡುತ್ತೇನೆ. ವರ್ಷಕ್ಕೊಂದು ಹೊಸ ಪುಟ ಮಾಡಿದರೆ ನಮ್ಮ ಪುಟಗಳೇ ಒಂದರ ಮೇಲೊಂದು ಬಿದ್ದು ಕುಸ್ತಿಯಾಡುತ್ತವೆ.

ಟೆಕ್ನಿಕಲ್ ಕೆಲಸದಲ್ಲಿ ನನಗೆ ಫಲ ಕೊಟ್ಟದ್ದು ಸ್ವಲ್ಪವೇ. ಹಳೆಯ ಬೆಲೆಪಟ್ಟಿಗಳೆಲ್ಲ ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್. ನಮ್ಮ ಕಣ್ಣಿಗೆ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಎಲ್ಲವನ್ನೂ, ಯಾವ ಕಂಪ್ಯೂಟರ್‌ಗೂ ಕನ್ನಡವಾಗಿಯೇ ತಿಳಿಯುವ ಯೂನಿಕೋಡ್‌ಗೆ ಬದಲಿಸಿ ಮಾಮೂಲಿ ಪುಟ ಮಾಡಿದೆ. ಇದೊಂದು ಕೆಲಸಕ್ಕೇ ಸುಮಾರು ಹತ್ತು ಪುಟಗಳಿಗೆ ಜೀವ ಬಂತು. ಸಹಕಾರ ಸಂಘದ ಸೈಟ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ಇವತ್ತೇ ಪರೀಕ್ಷಿಸಿ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ, ಕನ್ನಡ ಬಂದರೆ ಸರಿ.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡಲಿಲ್ಲ. ತಪ್ಪೇನಿಲ್ಲ, ಆದರೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆ, ಅಂಕಿಗಳ ಮಾರುದ್ದ ಸಾಲಾಗುತ್ತದೆ. ಜನ ಅದನ್ನು ವೈರಸ್ ಅಂದುಕೊಳ್ಳುತ್ತಾರೆ. ಪುಟದ ಜೊತೆ ಇಳಿಯುತ್ತಿದ್ದ ಕನ್ನಡ ವೆಬ್‌ಫಾಂಟ್ ಕಿತ್ತು ಹಾಕಿದೆ, ಆ್ಯಂಡ್ರಾಯ್ಡ್‌ನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಫೋಟೊಗಳೆಲ್ಲ ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಮಾದರಿಯಲ್ಲಿ, ನೂರು ಕೆಬಿ ಒಳಗೆ. ಮುಖ್ಯ ಚಿತ್ರ ಎರಡೂವರೆ ಸೆಕೆಂಡ್ ಒಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟ ಅಳತೆ. ನನ್ನ ಅಳತೆ ಬೇರೆ. ಹೆತ್ತೂರು ಕಡೆಯ ಒಂದು ತೋಟದಲ್ಲಿ, ಒಂದು ಕಡ್ಡಿ ನೆಟ್‌ವರ್ಕ್ ಇರುವಲ್ಲಿ, ಹಳೆ ಫೋನ್‌ನಲ್ಲಿ ಪುಟ ತೆರೆಯಬೇಕು. ತೆರೆಯುವವರೆಗೆ ಒಂದೊಂದೇ ಪ್ಲಗಿನ್ (ಸೈಟ್‌ಗೆ ಸೇರಿಸಿದ ಹೆಚ್ಚುವರಿ ಸಾಫ್ಟ್‌ವೇರ್) ತೆಗೆಯುತ್ತಾ ಹೋದೆ. ಗೂಗಲ್ ಫಲಿತಾಂಶದಲ್ಲೇ ಪ್ರಶ್ನೋತ್ತರ ಕಾಣಿಸಲೆಂದು ಹಾಕುವ ಎಫ್‌ಎಕ್ಯೂ ಸ್ಕೀಮಾಗೆ ದುಡ್ಡು ಕೇಳುವವರು ಈಗಲೂ ಇದ್ದಾರೆ. 2023ರಲ್ಲೇ ಆ ಸವಲತ್ತನ್ನು ಗೂಗಲ್ ಸರ್ಕಾರಿ ಮತ್ತು ಆರೋಗ್ಯದ ದೊಡ್ಡ ಸೈಟ್‌ಗಳಿಗಷ್ಟೇ ಉಳಿಸಿತು. ನಮಗೆ ಅದು ಬೇಡ.

ಸುಮ್ನೆ ಕುತೂಹಲಕ್ಕೆ ಮಾಡಿದ ಪ್ರಯೋಗಗಳೂ ಇವೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವ ಹುಡುಗರಿಗಾಗಿ ಇಡೀ ಪುಟಗಳನ್ನೇ ಹಾಗೆ ಬರೆದು ನೋಡಿದೆ. ಓದಲು ಹಿಂಸೆ, ಯಾರೂ ನಿಲ್ಲಲಿಲ್ಲ. ತೆಗೆದು ಹಾಕಿ, ಕನ್ನಡ ಪುಟದಲ್ಲೇ ಫೋಟೊ ಕೆಳಗೆ ಅವರು ಟೈಪ್ ಮಾಡುವ ರೀತಿಯ ಒಂದೇ ಸಾಲು ಹಾಕಿದೆ. ಅದು ಕೆಲಸ ಮಾಡಿತು. ಎಲ್ಲಿ, ಹೇಗೆ ಹಾಕಿದರೆ ಹಿಡಿಯುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಊರಿನ ಬಿಎಂ ರಸ್ತೆಯ ಉಳಿದ ಅಂಗಡಿಯವರೂ ಓದುತ್ತಾರೆ.

ತೋಟಗಳಲ್ಲಿ ಈಗ ಅಸ್ಸಾಂ ಕಡೆಯ ಕೆಲಸಗಾರರು ಬಹಳ. ಮೆಷಿನ್ ಹಿಡಿಯುವವರು ಅವರೇ. ಅದಕ್ಕೆ ಹಿಂದಿಯಲ್ಲಿ ನಾಲ್ಕೈದು ಪುಟ ಹಾಕಿದೆ. ಕ್ಲಿಕ್ ಏನೋ ಬಂತು, ಎಲ್ಲಾ ಉತ್ತರ ಭಾರತದಿಂದ. ನಮ್ಮ ಕಡೆಯ ತೋಟಗಳಿಂದ ಒಂದೂ ಇಲ್ಲ. ಮತ್ತೊಮ್ಮೆ ಎಐ ಕೈಯಲ್ಲಿ ಮೂವತ್ತು ಪುಟ ಬರೆಸಿದೆ. ಭಾಷೆ ನೀಟಾಗಿತ್ತು, ಒಳಗೆ ಏನೂ ಇರಲಿಲ್ಲ. ಕೆಲವು ದಿನ ಇಂಡೆಕ್ಸ್ ಆದವು, ಅಂದರೆ ಗೂಗಲ್ ಪಟ್ಟಿಗೆ ಸೇರಿದವು, ಆಮೇಲೆ ಒಂದೊಂದಾಗಿ ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ (ನೋಡಿದ್ದೇವೆ, ಸದ್ಯ ಸೇರಿಸಿಲ್ಲ) ಪಟ್ಟಿಗೆ ಜಾರಿದವು. ಮೆಕ್ಯಾನಿಕ್ ಮಾತು ಸೇರಿಸಿ, ನಮ್ಮ ಫೋಟೊ ಹಾಕಿ ತಿದ್ದಿದ ಐದಾರು ಪುಟ ಮಾತ್ರ ವಾಪಸ್ ಬಂದವು.

ಗೂಗಲ್ ಮ್ಯಾಪ್‌ನ ಬಿಸಿನೆಸ್ ಪ್ರೊಫೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಮಾಡಿರುತ್ತೀರಿ. ರಜೆ ದಿನ ಸರಿಯಾಗಿ ಹಾಕಿ. ಸಂತೆ ದಿನ ಅಂಗಡಿ ತೆರೆದಿದೆಯಾ ಅಂತ ನೋಡುವವರೇ ಜಾಸ್ತಿ. ರಿವ್ಯೂಗೆ ಡಿಸ್ಕೌಂಟ್ ಕೊಡಬೇಡಿ, ಅದು ನಿಯಮಕ್ಕೆ ವಿರುದ್ಧ. ಬಿಲ್ ಜೊತೆ ಕ್ಯೂಆರ್ ಚೀಟಿ ಕೊಟ್ಟು ‘ಏನು ರಿಪೇರಿ ಆಯ್ತು ಅಂತ ಬರೀರಿ’ ಅಂದರೆ ಸಾಕು. ಅಂಗಡಿ ಹೆಸರಿಗೆ ‘ಬೆಸ್ಟ್ ವೀಡ್ ಕಟರ್ ಸಕಲೇಶಪುರ’ ಅಂತ ಬಾಲ ಅಂಟಿಸಿದವರೊಬ್ಬರು ಕೆಲವು ತಿಂಗಳು ನಮಗಿಂತ ಮೇಲೆ ಇದ್ದರು. ಬೋರ್ಡ್ ಮೇಲೆ ಇಲ್ಲದ ಹೆಸರು ಹಾಕುವ ಹಾಗಿಲ್ಲ. ಆಮೇಲೆ ಬಾಲ ಹೋಯಿತು. ಯಾರು ದೂರು ಕೊಟ್ಟರೋ!

2024ರ ಆಗಸ್ಟ್‌ನಲ್ಲಿ ಹುಡುಕಾಟದ ಮೇಲ್ಗಡೆಯೇ ಎಐ ಬರೆದ ಉತ್ತರ ತೋರಿಸುವ ಗೂಗಲ್ ಎಐ ಓವರ್‌ವ್ಯೂ ಭಾರತಕ್ಕೂ ಬಂತು. ನಮ್ಮ ಇಂಗ್ಲಿಷ್ ಪುಟಗಳಿಗೆ ಹೊಡೆತ ಬಿತ್ತು. ಟು ಸ್ಟ್ರೋಕ್ ಮೆಷಿನ್‌ಗೆ ಲೀಟರ್ ಪೆಟ್ರೋಲ್‌ಗೆ ಎಷ್ಟು ಆಯಿಲ್ ಅನ್ನುವುದಕ್ಕೆ ಉತ್ತರ ಮೇಲೆಯೇ ಸಿಕ್ಕಿಬಿಡುತ್ತದೆ. 25ಕ್ಕೆ 1 ಅಂದರೆ 40 ಎಂಎಲ್, 50ಕ್ಕೆ 1 ಅಂದರೆ 20 ಎಂಎಲ್, ಅದಕ್ಕೆ ನಮ್ಮ ಪುಟ ಯಾಕೆ ತೆರೆಯಬೇಕು? ಕ್ಲಿಕ್ ಅರ್ಧಕ್ಕೆ ಇಳಿಯಿತು. ಫೋನ್ ಮಾತ್ರ ಇಳಿಯಲಿಲ್ಲ. ಸ್ಟಾರ್ಟರ್ ಹಗ್ಗದ ಬೆಲೆ ಎಷ್ಟು, ನಾಳೆ ಬಸ್ಸಿಗೆ ಹಾಕ್ತೀರಾ ಅನ್ನುವುದನ್ನು ಅಂಗಡಿಯವನನ್ನೇ ಕೇಳಬೇಕು. ಹಾಗಾಗಿ ನಾನು ಕ್ಲಿಕ್ ಎಣಿಸುವುದು ಬಿಟ್ಟೆ. ಫೋನ್ ಮಾಡಿದ ಪ್ರತಿಯೊಬ್ಬರಿಗೂ ‘ಎಲ್ಲಿ ನೋಡಿದ್ರಿ’ ಅಂತ ಕೇಳಿ ಅದೇ ನೋಟ್‌ಬುಕ್‌ನಲ್ಲಿ ಗೀಟು ಹಾಕುತ್ತೇವೆ. ಸೈಟ್‌ಗೆ ಬಂದವರ ಲೆಕ್ಕ ಕೊಡುವ ಅನಲಿಟಿಕ್ಸ್‌ಗಿಂತ ಈ ಗೀಟಿನ ಮೇಲೆ ನನಗೆ ನಂಬಿಕೆ. ಏನು ಹುಡುಕಿ ಜನ ನಮ್ಮ ಸೈಟ್‌ಗೆ ಬಂದರು ಅಂತ ತೋರಿಸಲು ಗೂಗಲ್ ಕೊಡುವ ಟೂಲ್ ಸರ್ಚ್ ಕನ್ಸೋಲ್; ತೀರಾ ಕಡಿಮೆ ಜನ ಹುಡುಕಿದ ಪ್ರಶ್ನೆಗಳನ್ನು ಅದು ಬಚ್ಚಿಡುತ್ತದೆ, ನಮ್ಮ ಗಿರಾಕಿಗಳೆಲ್ಲ ಅದರೊಳಗೇ ಇರುವವರು.

ಈಗ ವರ್ಷದ ಖರ್ಚು ಡೊಮೇನ್‌ಗೆ ಒಂದು ಸಾವಿರ, ಹೋಸ್ಟಿಂಗ್‌ಗೆ ಮೂರೂವರೆ ಸಾವಿರ. ಬರೆದು ಟೈಪ್ ಮಾಡುವ ಹುಡುಗಿಗೆ ಪುಟಕ್ಕೆ ಇನ್ನೂರು. ಎಲ್ಲಾ ಸೇರಿ ಅರವತ್ತು ಪುಟ ಇರಬಹುದು. ಅದರಲ್ಲಿ ಹದಿನೈದು ಪುಟವೇ ಮುಕ್ಕಾಲು ಫೋನ್ ತರುವುದು. ಯಾವ ಹದಿನೈದು ಅಂತ ಕೇಳಬೇಡಿ.

ಮುಂದಿನದು ಕಾಳುಮೆಣಸು ಬಿಡಿಸುವ ಮೆಷಿನ್. ಕೊಯ್ಲು ಜೋರಾಗುವುದು ಫೆಬ್ರವರಿಗೆ, ಹಾಗಾಗಿ ಡಿಸೆಂಬರ್‌ಗೆ ಮೊದಲೇ ಪುಟಗಳು ಹೋಗಬೇಕು. ‘ಕಾಳು ಒಡೀತಾ ಇದೆ’ ಅನ್ನುವ ದೂರೇ ಏಳೆಂಟು ಬಂದಿವೆ, ಆದರೆ ಫೋಟೊಗೆ ಹಳೇ ಮಾದರಿಯ ಡ್ರಮ್ ಸಿಗುತ್ತಿಲ್ಲ. ಮೂಡಿಗೆರೆ, ಬೇಲೂರು ಕಡೆ ಯಾರ ಶೆಡ್‌ನಲ್ಲಾದರೂ ಇದ್ದರೆ ಹೇಳಿ. ಫೋಟೊ ತೆಗೆದುಕೊಂಡು ಬೆಲ್ಟ್ ಬದಲಿಸಿ ಕೊಡುತ್ತೇನೆ, ಕೂಲಿ ಬೇಡ.