ಬೆಲ್ಟಿಗೆ ತೂತು ಹಾಕಬೇಕಾ? ಮೊದಲು ಸರಿಯಾದ ಪಂಚ್ ಆರಿಸಿ

ಬೆಲ್ಟ್ ಸಡಿಲಾದರೆ ನಮ್ಮ ಬೆಳಗಾವಿ ಕಡೆ ಮೊದಲು ಹುಡುಕುವುದು ದಬ್ಬಳ. ಜೋಳದ ಚೀಲ ಹೊಲಿಯುತ್ತೇವಲ್ಲ, ಅದೇ. ಅದು ಸಿಗದಿದ್ದರೆ ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿದ ಮೊಳೆ. ನಾನೂ ಹಾಗೇ ಮಾಡಿದವನು. ತೂತಿನ ಸುತ್ತ ಚರ್ಮ ಸುಟ್ಟು ಕಪ್ಪಾಯಿತು, ಮನೆಯೆಲ್ಲ ವಾಸನೆ, ತಿಂಗಳೊಳಗೆ ಬೆಲ್ಟ್ ಅಲ್ಲೇ ಬಿರಿಯಿತು.

ದಬ್ಬಳ ಚರ್ಮವನ್ನು ಕತ್ತರಿಸುವುದಿಲ್ಲ, ಒಳಗಿನ ನಾರನ್ನು ಅತ್ತಿತ್ತ ಸರಿಸುತ್ತದೆ ಅಷ್ಟೇ. ಬೆಲ್ಟ್ ತೆಗೆದಿಟ್ಟರೆ ತೂತು ಮತ್ತೆ ಮುಚ್ಚಿಕೊಳ್ಳುತ್ತದೆ. ಬಕಲ್ಲಿನ ಮುಳ್ಳನ್ನು ದಿನಾ ಬಲವಂತವಾಗಿ ತುರುಕಿದರೆ ಸೀಳು ಬಿಡುತ್ತದೆ. ಪಂಚ್ ಹಾಗಲ್ಲ. ಅದರ ಬಾಯಿ ಚೂಪಾದ ಅಂಚಿನ ಸಣ್ಣ ಕೊಳವೆ. ಒಂದು ದುಂಡನೆ ಬಿಲ್ಲೆಯನ್ನೇ ಕತ್ತರಿಸಿ ಹೊರಗೆ ತೆಗೆಯುತ್ತದೆ.

ಪೇಟೆಗೆ ಹೊರಡುವ ಮೊದಲು ಬಕಲ್ ತಿರುಗಿಸಿ ನೋಡಿ. ಎಷ್ಟೋ ಬೆಲ್ಟುಗಳಲ್ಲಿ ಅಲ್ಲಿ ಸ್ಕ್ರೂ ಅಥವಾ ಕ್ಲಿಪ್ ಇರುತ್ತದೆ. ಬಿಚ್ಚಿ, ಆ ತುದಿಯಲ್ಲಿ ಬೇಕಾದಷ್ಟು ಕತ್ತರಿಸಿ, ಮತ್ತೆ ಸಿಕ್ಕಿಸಿದರೆ ಮುಗಿಯಿತು. ಮೂರು ತೂತಿಗಿಂತ ಜಾಸ್ತಿ ಒಳಗೆ ಹೋಗಬೇಕಿದ್ದರಂತೂ ಇದೇ ವಾಸಿ. ಇಲ್ಲದಿದ್ದರೆ ಬೆಲ್ಟಿನ ಬಾಲ ಬೆನ್ನಿನವರೆಗೂ ಹೋಗುತ್ತದೆ.

ಪಂಚ್ ಬೇಕೇ ಬೇಕು ಅಂದರೆ ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಪಕ್ಕಡದ ಹಾಗೆ ಕೈಯಲ್ಲಿ ಒತ್ತುವುದು. ಅದರ ತಲೆಯಲ್ಲಿ ತಿರುಗುವ ಚಕ್ರ, ಚಕ್ರದಲ್ಲಿ ಸಾಮಾನ್ಯವಾಗಿ 2 ಮಿ.ಮೀ.ನಿಂದ 4.5 ಮಿ.ಮೀ.ವರೆಗೆ ಆರು ಕೊಳವೆ. ಇನ್ನೊಂದು, ಚರ್ಮದ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಹೊಡೆಯುವ ಟೊಳ್ಳು ಉಕ್ಕಿನ ಪಂಚ್. ಇದರಲ್ಲಿ ಒಂದು ಪಂಚಿಗೆ ಒಂದೇ ಅಳತೆ.

ಪಕ್ಕಡದ ಥರದ್ದು ನೋಡಲು ಚೆಂದ, ಆರು ಅಳತೆ ಒಂದರಲ್ಲೇ ಸಿಗುತ್ತವೆ ಅನ್ನುವ ಆಸೆ ಬೇರೆ. ಆದರೆ ತೆಳು ತಗಡಿನಲ್ಲಿ ಮಾಡಿದ ಅಗ್ಗದ್ದು ಸುಮ್ನೆ ದಂಡ. ಒತ್ತಿದಾಗ ಹಿಡಿಕೆಯೇ ಬಾಗುತ್ತದೆ, ಚಕ್ರ ಅಲುಗಾಡುತ್ತದೆ. ಕೊಳ್ಳುವುದಾದರೆ ಎರಡು ಕೀಲಿನದ್ದನ್ನು ಕೇಳಿ, ಅರ್ಧ ಬಲ ಹಾಕಿದರೂ ಸಾಕಾಗುತ್ತದೆ. ಕೊಳವೆಗಳು ಬಿಚ್ಚಿ ಬದಲಿಸುವಂತಿದ್ದರೆ ಇನ್ನೂ ಒಳ್ಳೆಯದು.

ಬೆಳಗಾವಿಯ ಖಡೇಬಜಾರಿನಲ್ಲಿ ಕೊಳ್ಳಿ, ಇಲ್ಲಾ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಕೊಳ್ಳಿ, ಜೇಬಿನಲ್ಲಿ ಒಂದು ಹಾಳೆ ಪೇಪರ್, ಹಳೆ ಬೆಲ್ಟಿನ ಒಂದು ತುಂಡು ಇರಲಿ. ಮೊದಲು ಪೇಪರ್ ಇಟ್ಟು ಒತ್ತಿ. ಬಿಲ್ಲೆ ಪೂರ್ತಿ ಕಳಚಿ ಬಿದ್ದರೆ ಸರಿ. ಒಂದು ಬದಿ ಎಳೆಯಷ್ಟು ಅಂಟಿಕೊಂಡೇ ಇದ್ದರೆ ಕೊಳವೆಯು ಅದರ ಎದುರಿಗಿರುವ ಹಿತ್ತಾಳೆ ತುಂಡಿನ ಮೇಲೆ ಸಮನಾಗಿ ಕೂರುತ್ತಿಲ್ಲ ಎಂದೇ ಅರ್ಥ. ಹಿಡಿಕೆ ಮುಚ್ಚಿ, ಬೆಳಕಿಗೆ ಹಿಡಿದರೆ ಆ ಸಂದಿ ಕಣ್ಣಿಗೇ ಕಾಣುತ್ತದೆ. ಆರೂ ಕೊಳವೆ ನೋಡಿ. ಅಂಗಡಿಯವರು ಮುಖ ಗಂಟು ಹಾಕಿದರೂ ಪರವಾಗಿಲ್ಲ. ಕೊನೆಗೆ ಬೆಲ್ಟಿನ ತುಂಡು.

ನನ್ನನ್ನು ಕೇಳಿದರೆ, ಮನೆಯಲ್ಲಿ ಪ್ಯಾಂಟಿನ ಬೆಲ್ಟಿಗಷ್ಟೇ ಬೇಕಾದವರಿಗೆ 4 ಮಿ.ಮೀ.ನ ಒಂದೇ ಒಂದು ಹೊಡೆಯುವ ಪಂಚ್ ಸಾಕು. ಅಲುಗಾಡುವ ಭಾಗವೇ ಇಲ್ಲ, ಕೆಡುವುದೇನಿದೆ? ಆದರೂ ಅಳತೆ ನೋಡಿಯೇ ಕೊಳ್ಳಿ. ಬೆಲ್ಟಿನಲ್ಲಿ ಈಗಿರುವ ತೂತಿಗೆ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ. ಯಾವುದು ಬಿಗಿಯಾಗಿ ಕೂರುತ್ತದೋ ಅದೇ ಅಳತೆ.

ಚರ್ಮದ ಗುಣವೂ ಲೆಕ್ಕಕ್ಕೆ ಬರುತ್ತದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತಲ್ಲ, ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಯ ಚರ್ಮವನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ. ಅಂಥ ಗಡುಸು ಚರ್ಮದಲ್ಲಿ ತೂತು ಅಚ್ಚುಕಟ್ಟಾಗಿ ಬೀಳುತ್ತದೆ. ಮೆತ್ತಗೆ ಎಳೆದಾಡುವ ಚರ್ಮಕ್ಕೆ ಪಂಚಿನ ಅಂಚು ಇನ್ನೂ ಹರಿತ ಇರಬೇಕು. ಚರ್ಮದ ಪುಡಿಯನ್ನು ಅಂಟಿಸಿ ಮಾಡಿದ ಅಗ್ಗದ ಬೆಲ್ಟಿಗೆ ಎರಡು ತೂತಿನ ನಡುವೆ ಇನ್ನೊಂದು ಹಾಕಲೇಬೇಡಿ, ಹರಿಯುತ್ತದೆ.

ಈಗ ಗುರುತು ಹಾಕುವುದು. ಇರುವ ತೂತುಗಳ ನಡುವಿನ ದೂರ ಅಳೆಯಿರಿ, ಸಾಮಾನ್ಯವಾಗಿ ಒಂದಿಂಚು ಇರುತ್ತದೆ. ಮಧ್ಯ ಸಿಗಲು ಬೆಲ್ಟಿನಷ್ಟೇ ಅಗಲದ ಕಾಗದದ ಪಟ್ಟಿ ಕತ್ತರಿಸಿ ಉದ್ದಕ್ಕೆ ಮಡಚಿ. ಹಳೆ ಲಗ್ನಪತ್ರಿಕೆ ಇದಕ್ಕೆ ಭಾಳ ಚಲೋ. ಮಡಿಕೆಯ ಗೆರೆಯ ಮೇಲೆ ಸೂಜಿಯಿಂದ ಚುಚ್ಚಿ ಗುರುತು ಮಾಡಿ. ಬಾಲ್‌ಪೆನ್ ಬೇಡ, ಆ ಮಸಿ ಹೋಗುವುದಿಲ್ಲ.

ಬೆಲ್ಟಿನ ಹೊರಮೈ ಮೇಲೆ ಬರುವಂತೆ ಇಡಿ, ಕೆಳಗೆ ದಪ್ಪ ಹಲಗೆ. ನಾನು ಹೊಸ ಪಂಚ್ ತಂದ ದಿನವೇ ಬೆಲ್ಟನ್ನು ಫರಸಿ ಮೇಲೆ ಇಟ್ಟು ಹೊಡೆದೆ. ತೂತೇನೋ ಬಿತ್ತು. ಕೊಳವೆಯ ಅಂಚು ಕಲ್ಲಿಗೆ ತಾಗಿ ಹಲ್ಲು ಬಿದ್ದ ಕುಡುಗೋಲಿನಂತಾಯಿತು! ಹೊಡೆಯಲು ಕೊಡತಿ ಇದ್ದರೆ ಒಳ್ಳೆಯದು, ಕಬ್ಬಿಣದ ಸುತ್ತಿಗೆ ಪಂಚಿನ ತಲೆಯನ್ನು ಚಪ್ಪಟೆ ಮಾಡುತ್ತದೆ. ಹತ್ತು ಸಲ ತಟ್ಟಬೇಡಿ, ಪಂಚ್ ಜರುಗಿ ಎರಡು ಅಂಚು ಮೂಡುತ್ತವೆ. ನೆಟ್ಟಗೆ ಹಿಡಿದು ಒಂದೇ ಗಟ್ಟಿ ಪೆಟ್ಟು, ಬೇಕಾದರೆ ಇನ್ನೊಂದು. ಪಕ್ಕಡದ ಥರದ್ದಾದರೆ ಒತ್ತಿ ಹಿಡಿದು ಸ್ವಲ್ಪ ಅತ್ತಿತ್ತ ತಿರುವಿ. ಕೊಳವೆಯಲ್ಲಿ ಸಿಕ್ಕಿಕೊಂಡ ಬಿಲ್ಲೆಗಳನ್ನು ಆಗಾಗ ತೆಗೆಯಿರಿ. ಅದಕ್ಕೆ ಮಾತ್ರ ದಬ್ಬಳವೇ ಸರಿ.

ಕಾರಹುಣ್ಣಿಮೆಗೆ ಎತ್ತಿನ ಕೊರಳಪಟ್ಟಿ ಸರಿಮಾಡುವವರು ಪಕ್ಕಡದ ಥರದ್ದನ್ನು ಮರೆತುಬಿಡಿ, ಆ ದಪ್ಪಕ್ಕೆ ಹೊಡೆಯುವ ಪಂಚೇ ಬೇಕು. ಮುಧೋಳ ನಾಯಿ ಸಾಕಿದವರಿಗೆ ಬೇರೆಯೇ ತಾಪತ್ರಯ. ಅದರ ತಲೆ ಸಪೂರ, ಪಟ್ಟಿ ಚೂರು ಸಡಿಲಾದರೂ ಹಿಂದಕ್ಕೆ ಸರಿದು ಕಳಚಿಕೊಂಡು ಓಡುತ್ತದೆ. ಅದಕ್ಕೆ 3 ಮಿ.ಮೀ. ಪಂಚ್ ಹಿಡಿದು, ಒಂದಿಂಚಿನ ಬದಲು ಅರ್ಧ ಇಂಚಿಗೊಂದು ತೂತು ಹಾಕಿ. ಪಟ್ಟಿ ಕಟ್ಟಿದ ಮೇಲೆ ಒಳಗೆ ಎರಡು ಬೆರಳು ಹೋಗುವಷ್ಟು ಜಾಗವಿರಲಿ.