ಮೊದಲ ವರ್ಷಗಳಲ್ಲಿ ನಾನು ಕಲಿತದ್ದು ಜೋಡಿ ನೋಡುವುದು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿ ನಮ್ಮದು. ಮುತ್ಯಾ ಪೈಲ್ವಾನ, ಅಪ್ಪ ಪೈಲ್ವಾನ, ಕಾಕಾನೂ ಪೈಲ್ವಾನ. ಈಗ ನಾನು ಜಾತ್ರೆ ಕುಸ್ತಿಯ ಇನಾಮಿನ ಮೇಲೇ ಬದುಕುತ್ತಿದ್ದೇನೆ. ಹೊಸ ಹುಡುಗರು ಸಿಕ್ಕಾಗ ಡಾವುಗಳ, ಅಂದರೆ ಪಟ್ಟುಗಳ ಬಗ್ಗೆ ಕೇಳುತ್ತಾರೆ. ನಾನು ಮೊದಲು ಹೇಳುವುದು ಜೋಡಿಯ ಬಗ್ಗೆ. ಯಾರ ಜೊತೆ ಹಿಡಿಯಬೇಕು, ಯಾರ ಜೊತೆ ಇನ್ನೂ ಹಿಡಿಯಬಾರದು ಅನ್ನುವುದು ಗೊತ್ತಿಲ್ಲದೆ ಒಳ್ಳೊಳ್ಳೆ ಹುಡುಗರು ಮೂಳೆ ಮುರಿದುಕೊಂಡು ಮನೆ ಸೇರಿದ್ದನ್ನು ನೋಡಿದ್ದೇನೆ.

ನಮ್ಮ ಕಡೆ ಬಿಸಿಲು ಇಳಿಯುತ್ತಿದ್ದಂತೆ ಹಲಗಿ ಬಡಿಯಲು ಶುರು ಮಾಡುತ್ತಾರೆ. ಮೊದಲು ಸಣ್ಣ ಹುಡುಗರ ಕುಸ್ತಿ. ರೇವಡಿ, ಕೊಬ್ಬರಿ, ತೆಂಗಿನಕಾಯಿಯೇ ಇನಾಮು. ಆಮೇಲೆ ರೊಕ್ಕದ ಕುಸ್ತಿ, ಏರುತ್ತಾ ಹೋಗಿ ಕೊನೆಗೆ ಒಂದನೇ ನಂಬರಿನ ಕುಸ್ತಿ. ದೊಡ್ಡ ಜೋಡಿಗಳು ಮೊದಲೇ ಗೊತ್ತಾಗಿ ಪೋಸ್ಟರಿನಲ್ಲಿ ಫೋಟೋ ಬಂದಿರುತ್ತದೆ. ಸಣ್ಣವು ಕಣದಲ್ಲೇ ಆಗುತ್ತವೆ. ಲಂಗೋಟ ಕಟ್ಟಿದ ಹುಡುಗ ಕೈ ಎತ್ತಿ ಒಂದು ಸುತ್ತು ಹಾಕುತ್ತಾನೆ. ಹಿಡಿಯುವವನು ಎದ್ದು ಬರುತ್ತಾನೆ. ಪಂಚರು ಇಬ್ಬರ ಕೈ ಕೂಡಿಸುತ್ತಾರೆ.

ಮನೆತನದ ಹೆಸರು ಕಾಲಿಗೆ ತೊಡರುವುದು ಇಲ್ಲೇ. ಇಂಥವರ ಮೊಮ್ಮಗ ಅಂತ ಮೈಕಿನಲ್ಲಿ ಕೂಗಿದ ಕೂಡಲೇ ನನಗಿಂತ ವಯಸ್ಸಿನಲ್ಲೂ ತೂಕದಲ್ಲೂ ದೊಡ್ಡವನನ್ನು ತಂದು ನಿಲ್ಲಿಸುತ್ತಿದ್ದರು. ಒಲ್ಲೆ ಅಂದರೆ ಮುತ್ಯಾನ ಹೆಸರಿಗೆ ಕುಂದು ಅನ್ನುವ ಹಾಗೆ ಜನ ನೋಡುತ್ತಿದ್ದರು. ಅಪ್ಪ ಫೇಟಾ ಸುತ್ತಿಕೊಂಡು ಕಣದ ಅಂಚಿನಲ್ಲಿ ಕೂತಿರುತ್ತಿದ್ದರು. ಎದ್ದು ಬಂದು ಎಲ್ಲರ ಎದುರೇ, "ಇದು ಇವನ ಜೋಡಿ ಅಲ್ಲರೀ, ಬ್ಯಾರೇದವರನ್ನ ತೋರಸ್ರಿ" ಅನ್ನುತ್ತಿದ್ದರು. ತಾವು ಗೆದ್ದ ಮೈದಾನಗಳಲ್ಲೇ ನಿಂತು ಹಾಗೆ ಹೇಳುವುದಕ್ಕೆ ದೊಡ್ಡ ಧೈರ್ಯ ಬೇಕು.

ಜೋಡಿ ನೋಡುವುದನ್ನು ಕಲಿಸಿದ್ದೂ ಅವರೇ. "ತಮ್ಮಾ, ಮೊದಲ ಕಿವಿ ನೋಡು. ಎದಿ, ರಟ್ಟಿ ಆಮ್ಯಾಲ ನೋಡು" ಅನ್ನುತ್ತಿದ್ದರು. ತಲೆಗೆ ತಲೆ ಹಚ್ಚಿ ವರ್ಷಗಟ್ಟಲೆ ಜೋರು, ಅಂದರೆ ಅಭ್ಯಾಸದ ಕುಸ್ತಿ ಮಾಡಿದವನ ಕಿವಿಯೊಳಗೆ ರಕ್ತ ತುಂಬಿ, ಅದು ಹಾಗೇ ಗಟ್ಟಿಯಾಗಿ ಕಿವಿ ಗಂಟುಗಟ್ಟಿರುತ್ತದೆ. ಉಬ್ಬಿದ ರಟ್ಟೆ ಜಿಮ್ಮಿನಲ್ಲೂ ಬರುತ್ತದೆ, ಅಂಥ ಕಿವಿ ಮಣ್ಣಿನಲ್ಲಿ ಉರುಳಾಡದೆ ಬರುವುದಿಲ್ಲ. ಆಮೇಲೆ ಕುತ್ತಿಗೆ. ಭುಜಕ್ಕೆ ಇಳಿಯುವ ಕಡೆ ಅದು ತುಂಬಿಕೊಂಡಿದ್ದರೆ ಅವನ ತಲೆ ಒತ್ತಿ ಬಗ್ಗಿಸುವುದು ಕಷ್ಟ, ಘುಟನಾ ಅನ್ನುವ ಮೊಣಕಾಲಿನ ಡಾವು ಹಾಕುವ ಆಸೆ ಬಿಡಬೇಕು. ಕೊನೆಗೆ ಸಲಾಮಿ. ಮಣ್ಣು ಹಚ್ಚಿದ ಕೈ ಕೊಟ್ಟಾಗ ಮಣಿಕಟ್ಟು ಹೇಗಿದೆ ನೋಡಬೇಕು. ಹೊಸಬ ಬಿಗಿಯಾಗಿ ಹಿಡಿಯುತ್ತಾನೆ. ಪಳಗಿದವನ ಕೈ ಸಡಿಲ ಇರುತ್ತದೆ, ದಮ್ಮು ಉಳಿಸಿಕೊಂಡಿರುತ್ತಾನೆ. ಸಡಿಲ ಕೈ ಸಿಕ್ಕಿದರೆ ನಾನು ಇವತ್ತಿಗೂ ಮೊದಲ ಕೆಲವು ನಿಮಿಷ ಮುಂದೆ ನುಗ್ಗುವುದಿಲ್ಲ.

ಹತ್ತನೇ ತರಗತಿ ಮುಗಿದ ಮೇಲೆ ಕೊಲ್ಹಾಪುರದ ತಾಲೀಮಿಗೆ, ಅಂದರೆ ಗರಡಿಗೆ ಸೇರಿದೆ. ನಾನು ಓದಿದ್ದು ಊರಿನ ಕನ್ನಡ ಶಾಲೆ, ಅಲ್ಲಿ ಕುಸ್ತಿ ಕಲಿಸುವ ವಸ್ತಾದರ ಮಾತೆಲ್ಲ ಮರಾಠಿ. ಆದರೆ ಢಾಕ್, ಏಕಲಂಗಿ, ಘಿಸ್ಸಾ ಅಂತ ಡಾವುಗಳ ಹೆಸರೆಲ್ಲ ಅಪ್ಪನ ಬಾಯಲ್ಲಿ ಕೇಳಿದ್ದೇ ಆಗಿದ್ದರಿಂದ ತೊಂದರೆ ಆಗಲಿಲ್ಲ. ನಮಗಿಂತ ಮುಂಚೆ ಕನ್ನಡದ ನೆಲದಿಂದ ಎಷ್ಟೋ ಜನ ಈ ದಾರಿ ಹಿಡಿದಿದ್ದಾರೆ. 1959ರಲ್ಲಿ ದೇಶದ ದೊಡ್ಡ ಕುಸ್ತಿ ಬಿರುದಾದ ಹಿಂದ್ ಕೇಸರಿಯನ್ನು ಮೊದಲ ಬಾರಿಗೆ ಗೆದ್ದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು, ಅಲ್ವಾ? ಖಂಚನಾಳೆಯವರ ಹೆಸರು ಬಂದರೆ ಮುತ್ಯಾ ಎದ್ದು ಕೂರುತ್ತಿದ್ದರು.

ಹೊಸಬರಿಗೆ ನಸುಕಿನಲ್ಲಿ ಮೊದಲ ಕೆಲಸ ಕಣದ ಕೆಂಪು ಮಣ್ಣು ಅಗೆದು ಸಡಿಲ ಮಾಡುವುದು. ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸಿರುತ್ತಾರೆ. ಒಣಗಿದ ಮಣ್ಣಿಗೆ ಬಿದ್ದರೆ ಚರ್ಮ ಸುಲಿಯುತ್ತದೆ. ಆಮೇಲೆ ದಂಡ, ಬೈಠಕ್, ಜೋರು. ಜೋರಿಗೆ ವಸ್ತಾದರು ದಿನಾ ಬೇರೆ ಬೇರೆಯವರನ್ನು ಕೊಡುತ್ತಿದ್ದರು. ನನಗಿಂತ ಕಮ್ಮಿ ಇದ್ದವನ ಮೇಲೆ ಹೊಸ ಡಾವು ಹಾಕಿ ನೋಡುತ್ತಿದ್ದೆ. ಸರಿಸಮ ಇದ್ದವನ ಜೊತೆ ದಮ್ಮು ಬೆಳೆಯಿತು. ಹಿರಿಯ ಪೈಲ್ವಾನರ ಕೆಳಗೆ ಬಿದ್ದುಕೊಂಡೇ ಚಿತ್ ಆಗದೆ ತಡೆಯುವುದನ್ನು ಕಲಿತೆ. ಸಂಜೆ ಗಂಗಾವೇಸಿನ ಹಾಲಿನ ಕಟ್ಟೆಗೆ ಹೋದರೆ ಎಮ್ಮೆ ಅಲ್ಲೇ ಕರೆದು ನೊರೆಹಾಲು ಕೊಡುತ್ತಿದ್ದರು. ತುಪ್ಪ, ಬಾದಾಮಿ ಕಾಕಾ ಕಳಿಸುತ್ತಿದ್ದರು, ದಾಳಿಂಬೆ ತೋಟದ ರೊಕ್ಕದಲ್ಲಿ. ನೀರಿಗೆ ಟ್ಯಾಂಕರ್ ದಾರಿ ಕಾಯುವ ತಾಲೂಕಿನಲ್ಲಿ ಅದು ಸುಮ್ನೆ ಬರುವ ರೊಕ್ಕ ಅಲ್ಲ.

ಒಬ್ಬನೇ ಮೈದಾನಗಳಿಗೆ ಹೋಗಲು ಶುರು ಮಾಡಿದ ಮೇಲೆ ಒಂದು ಊರಲ್ಲಿ ಹೀಗಾಯಿತು. ಪೋಸ್ಟರಿನಲ್ಲಿದ್ದ ಹುಡುಗ ಬರಲಿಲ್ಲ. ಕಮಿಟಿಯವರು ಅವನ ಬದಲು ಬೇರೊಬ್ಬನನ್ನು ನಿಲ್ಲಿಸಿದರು. ಎರಡೂ ಕಿವಿ ಮುಚ್ಚಿಹೋಗಿದ್ದವು, ಕುತ್ತಿಗೆ ನನ್ನ ತೊಡೆಯಷ್ಟು ದಪ್ಪ. ನಾನು ಪಂಚರಿಗೆ ಕೈ ಮುಗಿದು, ಇದು ನನ್ನ ಜೋಡಿ ಅಲ್ಲ ಅಂದೆ. ಜನ ಕೂಗಿದರು. ಬಂದ ಖರ್ಚನ್ನೂ ಕೊಡಲಿಲ್ಲ. ರಾತ್ರಿ ಬಸ್ ಸ್ಟ್ಯಾಂಡಿನಿಂದ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಚಲೋ ಮಾಡಿದಿ. ಊಟ ಮಾಡಿದೇನು?" ಅಂದರು.

ಎರಡು ಹಂಗಾಮಿನ ನಂತರ ಅದೇ ಪೈಲ್ವಾನನ ಜೊತೆ ಬೇರೆ ಜಾತ್ರೆಯಲ್ಲಿ ಜೋಡಿ ಬಂತು. ಹೂಂ ಅಂದೆ. ಕತ್ತಲಾಗುವ ತನಕ ಇಬ್ಬರ ಬೆನ್ನಿಗೂ ಮಣ್ಣು ಹತ್ತಲಿಲ್ಲ. ಬರೋಬರಿ, ಅಂದರೆ ಸಮ ಅಂತ ಬಿಡಿಸಿದರು. ಆಮೇಲೆ ನನ್ನನ್ನು ಕರೆಯುವವರು ಜಾಸ್ತಿಯಾದರು.

ಈಗ ಕರೆ ಬಂದರೆ ಫೋನಿನಲ್ಲೇ ಎಲ್ಲ ಕೇಳಿಕೊಳ್ಳುತ್ತೇನೆ. ಎದುರಾಳಿ ಯಾರು, ಯಾವ ತಾಲೀಮಿನವನು, ತೂಕ ಎಷ್ಟು. ಒಬ್ಬ ಚಿತ್ ಆಗುವ ತನಕ ನಡೆಯುವ ನಿಕಾಲಿ ಕುಸ್ತಿಯೋ, ಇಷ್ಟು ನಿಮಿಷ ಆದ ಮೇಲೆ ಪಾಯಿಂಟಿನ ಮೇಲೆ ಹಾಕುತ್ತಾರೋ. ಬರೋಬರಿ ಆದರೆ ಇನಾಮಿನ ರೊಕ್ಕ ಹೇಗೆ ಹಂಚುತ್ತಾರೆ. ಅವನು ಬರದಿದ್ದರೆ ಯಾರನ್ನು ಹಚ್ಚುತ್ತಾರೆ ಅನ್ನುವುದನ್ನೂ ಬಿಡುವುದಿಲ್ಲ. ಇದಕ್ಕೆಲ್ಲ ಸರಿಯಾದ ಉತ್ತರ ಬಂದ ಮೇಲೇ ನನ್ನ ಫೋಟೋ ಕಳಿಸುತ್ತೇನೆ.